ಅರಳು ಮರಳೆಂದು ಕೈಬಿಡುವ ಮುನ್ನ

ಅಂಚೆಯವರಿಂದ ಹಿಂದಿನ ದಿನವಷ್ಟೇ ವೃದ್ಧಾಪ್ಯ ವೇತನ ಪಡೆದಿದ್ದ ಅಜ್ಜಿಯೊಬ್ಬರು, ಹಣವೇ ಬಂದಿಲ್ಲವೆಂದು ನಮ್ಮ ಕಚೇರಿಗೆ ಬಂದರು. ‘ಅರವತ್ತಕ್ಕೆ ಅರಳು ಮರಳು’ ಎಂದು ಕೆಲವರು ನಕ್ಕರು. ಹಾಗೆ ನಕ್ಕು ಬಿಡುವ ವಿಷಯ ಇದಲ್ಲ.

ಮರೆವಿನ ಹಿಂದೆ ವಂಶವಾಹಿಯ ಪಾತ್ರವಿರಬಹುದು. 19ನೆಯ ವರ್ಣತಂತುವಿನಲ್ಲಿರುವ ಎಪಿಒಇ ವಂಶವಾಹಿಗೆ ಇ2, ಇ3, ಇ4 ಎಂಬ ಮೂರು ಮುಖ್ಯ ರೂಪಗಳುಂಟು. ಇ4 ರೂಪವನ್ನು ತಂದೆ ಅಥವಾ ತಾಯಿಯಿಂದ ಪಡೆದವರಿಗೆ ಆಲ್ಝೈಮರ್ ಕಾಯಿಲೆಯ ಸಂಭವ ಹೆಚ್ಚು; ಇಬ್ಬರಿಂದಲೂ ಪಡೆದವರಿಗೆ ಮತ್ತೂ ಹೆಚ್ಚು. ಆದರೂ ಅದು ಸಂಭವವೇ ಹೊರತು ವಿಧಿಲಿಖಿತವಲ್ಲ.

ವಂಶವಾಹಿಯನ್ನು ನಾವು ಬದಲಿಸಲಾರೆವು. ರಕ್ತದ ದೋಷವನ್ನು ಸರಿಪಡಿಸಬಹುದು. ಬಿ12 ಜೀವಸತ್ವ ಕುಂದಿದರೆ ರಕ್ತದಲ್ಲಿ ಹೋಮೋಸಿಸ್ಟೀನ್ ಏರುತ್ತದೆ, ನರಗಳ ಹೊದಿಕೆ ಸವೆಯುತ್ತದೆ. ಸಕ್ಕರೆ ಕಾಯಿಲೆಗೆ ದೀರ್ಘಕಾಲ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಈ ಕೊರತೆ ಸಂಭವಿಸಬಹುದು. ಥೈರಾಯ್ಡ್ ಕೊರತೆ, ಸೋಡಿಯಂ ಇಳಿಕೆಗಳೂ ಬುದ್ಧಿಯನ್ನು ಮಂಕಾಗಿಸುತ್ತವೆ. ಸಕಾಲದ ಚಿಕಿತ್ಸೆಯಿಂದ ಇಂತಹ ಮರೆವು ಎಷ್ಟೋ ಬಾರಿ ಇಳಿಯುತ್ತದೆ. ಸಕ್ಕರೆ, ರಕ್ತದೊತ್ತಡ, ಎಲ್‌ಡಿಎಲ್ ಕೊಬ್ಬು ಹತೋಟಿ ತಪ್ಪಿದರೆ ಮಿದುಳಿನ ರಕ್ತನಾಳಗಳು ಕೆಡುತ್ತವೆ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 45 ವರ್ಷ ತುಂಬಿದವರ ರಕ್ತ, ವಂಶವಾಹಿ, ಸ್ಮರಣಶಕ್ತಿಗಳನ್ನು ಒಟ್ಟಿಗೆ ಅಧ್ಯಯನ ಮಾಡುತ್ತಿದೆ.

ಪರೀಕ್ಷೆಯಲ್ಲಿ ಆ ಅಜ್ಜಿಗೆ ಬಿ12 ಕೊರತೆ ಕಂಡುಬಂದಿತು. ಚುಚ್ಚುಮದ್ದು ಪಡೆದ ಕೆಲವು ತಿಂಗಳಲ್ಲಿ ಅವರು ತಮ್ಮ ಲೆಕ್ಕವನ್ನು ತಾವೇ ಹೇಳುವಂತಾದರು. ಎಲ್ಲರ ಮರೆವೂ ಹೀಗೆ ಮಾಯವಾಗದು. ಆದರೆ ಪರೀಕ್ಷಿಸದೆ ತಿಳಿಯದು. ಆದುದರಿಂದ ಮರೆವು ಕಂಡ ಹಿರಿಯರನ್ನು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವುದು.