ತೋತಾಪುರಿ ದರದ ಪುಟಕ್ಕೆ ಜಾಹೀರಾತು ಬಂದ ಬಗೆ

ಶ್ರೀನಿವಾಸಪುರದ ಮಂಡಿಗಳಲ್ಲಿ ಬಾದಾಮಿ, ಬೇನಿಷಾ, ತೋತಾಪುರಿ ಎಷ್ಟಕ್ಕೆ ಹೋಯಿತು, ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸಿಗೆ ಎಷ್ಟು ಕೂಗಿದರು ಎಂಬುದನ್ನು ದಿನಾ ಕನ್ನಡದಲ್ಲಿ ಕೊಡುವ ವೆಬ್‌ಸೈಟೊಂದು ಇರಲೇಬೇಕು ಎಂಬುದು ಈ ಲೇಖಕನ ಹಟ. ಅದರ ಖರ್ಚು ಹುಟ್ಟಬೇಕಾದರೆ ಗೂಗಲ್ ಆಡ್‌ಸೆನ್ಸ್‌ನ ಒಪ್ಪಿಗೆ ಬೇಕು. ಅರ್ಜಿಗೆ ಕಾಸಿಲ್ಲ, ದಲ್ಲಾಳಿಯೂ ಬೇಕಿಲ್ಲ. ಆದರೂ ಒಪ್ಪಿಗೆ ಕೈಗೆ ಸಿಗುವ ಹೊತ್ತಿಗೆ ಅಕ್ಕನ ಮನೆಯೊಂದಿಗೆ ಮಾತು ನಿಂತುಹೋಗಿತ್ತು.

ಮೊದಲ ಜಗಳ ಭಾಷೆಯದು. 2003ರಲ್ಲಿ ಶುರುವಾದ ಆಡ್‌ಸೆನ್ಸ್ ಹಿಂದಿ ಪುಟಗಳಿಗೆ ಬಾಗಿಲು ತೆರೆದದ್ದು 2014ರ ಡಿಸೆಂಬರಿನಲ್ಲಿ. ತಮಿಳು, ತೆಲುಗಿನ ಸರದಿ 2018ರಲ್ಲಿ ಬಂತು. ಕನ್ನಡಕ್ಕೆ ಅವಕಾಶ ಸಿಕ್ಕಿದ್ದು ಅವೆಲ್ಲವುಗಳ ನಂತರವೇ. ಶ್ರೀನಿವಾಸಪುರ, ಮುಳಬಾಗಿಲು ಕಡೆ ಬಹಳ ಮನೆಗಳಲ್ಲಿ ಆಡುವುದು ತೆಲುಗು. ಹಾಗಾಗಿ ಕನ್ನಡದ ಸರದಿಗೆ ಕಾಯುತ್ತಿದ್ದ ದಿನಗಳಲ್ಲಿ ಭಾವ ಹೇಳುತ್ತಿದ್ದದ್ದು ಒಂದೇ ಮಾತು: "ತೆಲುಗಲ್ಲಿ ಬರಿಯಪ್ಪ, ಮದನಪಲ್ಲಿಯೋರೂ ಓದ್ತಾರೆ, ದುಡ್ಡೂ ಬರ್ತದೆ." ಲೇಖಕ ಒಪ್ಪಲಿಲ್ಲ. ಮನೆಯಲ್ಲಿ ತೆಲುಗು ಆಡುವ ನಮ್ಮ ರೈತ ಶಾಲೆಯಲ್ಲಿ ಕಲಿತ ಅಕ್ಷರ ಕನ್ನಡದ್ದು, ಅವನ ಪಹಣಿ ಇರುವುದು ಕನ್ನಡದಲ್ಲಿ. ಮಂಡಿಯ ದರವನ್ನು ಅವನು ಬೇರೆ ಲಿಪಿಯಲ್ಲಿ ಯಾಕೆ ಓದಬೇಕು? ಆ ನಿಲುವು ಇವತ್ತಿಗೂ ಬದಲಾಗಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು 2025ರ ಜೂನಿನಲ್ಲಿ. ಆ ತಿಂಗಳ 7ರಂದು ಆಂಧ್ರದ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಒಳಗೆ ಬರಬಾರದೆಂದು ಆದೇಶ ಹೊರಡಿಸಿತು. ಇಲ್ಲಿನ ತೋತಾಪುರಿಗೆ ಅಲ್ಲಿನ ತಿರುಳಿನ ಕಾರ್ಖಾನೆಗಳೇ ದೊಡ್ಡ ಗಿರಾಕಿ. ಬೆಲೆ ಕುಸಿಯಿತು, ರೈತರು ಬೀದಿಗಿಳಿದರು, ಮುಖ್ಯಮಂತ್ರಿ ಸಿದ್ದರಾಮಯ್ಯ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಇಳಿಸಿಕೊಳ್ಳುವವರಿಲ್ಲದ ಹಣ್ಣಿನ ಟ್ರ್ಯಾಕ್ಟರುಗಳ ನಡುವೆ, ಬಿಸಿಲಿಗೆ ಹುಳಿಯುತ್ತಿದ್ದ ಮಾವಿನ ವಾಸನೆಯಲ್ಲಿ, ಲೇಖಕ ದರ ಬರೆದುಕೊಳ್ಳುತ್ತಾ ನಿಂತಿದ್ದ. "ನಾಳೆಗಾದ್ರೂ ಫ್ಯಾಕ್ಟರಿ ತಗೊಳ್ತಾರಾ ಸ್ವಾಮಿ?" ಎಂದು ಕೇಳಿದವರಿಗೆ ಕೊಡಲು ಉತ್ತರವಿರಲಿಲ್ಲ. ಅಷ್ಟರಲ್ಲಿ ಫೋನಿಗೆ ಗೂಗಲ್‌ನ ಮೇಲ್ ಬಂತು: ಆಡ್‌ಸೆನ್ಸ್‌ಗೆ ಹಾಕಿದ್ದ ಅರ್ಜಿ ತಿರಸ್ಕೃತ, ಪುಟಗಳಲ್ಲಿ ಹುರುಳಿಲ್ಲ.

ಹುರುಳಿಲ್ಲವೇ? ಕೈ ನಡುಗಿತು. ಮಂಡಿಯ ಕಟ್ಟೆಯ ಮೇಲೆ ಕುಳಿತು ಸೈಟು ತೆರೆದರೆ, ತಾನು ಬರೆಯದ ಪುಟಗಳು ಸಾಲುಸಾಲಾಗಿ ಕಂಡವು. ಮಾವಿನ ಗಲಾಟೆಯ ಪತ್ರಿಕಾ ವರದಿಗಳು ಫೋಟೊ ಸಮೇತ ಇದ್ದವು. ಅವುಗಳ ಕೆಳಗೆ ಕೋಲಾರಮ್ಮನ ಗುಡಿ, ಕುರುಡುಮಲೆ ಗಣಪ, ಮಾಲೂರಿನ ಹೆಂಚು, ಮುಳಬಾಗಿಲಲ್ಲಿ ಹುಟ್ಟಿದ ಡಿವಿಜಿ, ಮಾಸ್ತಿ ಗ್ರಾಮದ ಮಾಸ್ತಿ ವೆಂಕಟೇಶ ಅಯ್ಯಂಗಾರ್, ಎಲ್ಲವೂ ಬೇರೆಡೆಯಿಂದ ಎತ್ತಿ ಅಂಟಿಸಿದ್ದು. ಸೈಟು ಕಟ್ಟಿಕೊಟ್ಟಿದ್ದ ಕಂಪ್ಯೂಟರ್ ಅಂಗಡಿಯವನು ಭಾವನ ಸ್ನೇಹಿತ. ಪುಟ ಜಾಸ್ತಿಯಾದಷ್ಟೂ ಒಪ್ಪಿಗೆ ಬೇಗ ಎಂದು ಅವನು ಹೇಳಿದ, ತನ್ನ ಬಳಿಯಿದ್ದ ಪಾಸ್‌ವರ್ಡನ್ನೂ ಕೊಟ್ಟ, ಭಾವ ತುಂಬಿಸಿದರು. ಸಂಜೆ ಕೇಳಿದಾಗ ಭಾವನ ಉತ್ತರ: "ಒಬ್ಬನೇ ಕೂತು ಎಷ್ಟು ಬರೀತೀಯ ಅಂತ ಮಾಡ್ದೆ. ಉಪಕಾರಕ್ಕೆ ಕಾಲ ಇಲ್ಲ ಬಿಡು." ಉಪಕಾರ! ಜಿಲ್ಲೆಯ ಸಂಕಟವನ್ನು ಸ್ಥಳದಲ್ಲಿ ನಿಂತು ಬರೆದ ಪುಟಗಳು ಕದ್ದ ಸರಕಿನ ಅಡಿ ಹೂತುಹೋಗಿದ್ದವು. ನಕಲು ಬರಹಕ್ಕೆ ಜಾಹೀರಾತು ಇಲ್ಲ ಎಂಬುದು ನಿಯಮಗಳಲ್ಲಿ ಸ್ಪಷ್ಟವಾಗಿಯೇ ಇದೆ. ಹಣ ಪಡೆದು ಸೈಟು ಕಟ್ಟುವವನು ಅದನ್ನು ಓದಿರಬೇಡವೇ?

ಪಾಸ್‌ವರ್ಡು ಬದಲಾಯಿತು, ಅಂಟಿಸಿದ್ದೆಲ್ಲ ಹೋಯಿತು. ಬರೀ ಅಂಕಿಗಳಿದ್ದ ದರಪಟ್ಟಿಗಳ ಪಕ್ಕದಲ್ಲಿ ಕಾರಣಗಳು ಬಂದವು. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿಯ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ್ದು ಹೇಗೆ, ಎಲೆ ಮುದುಡು ರೋಗ ಬಿದ್ದ ತೋಟದವರಿಗೆ ಆ ಬೆಲೆ ಯಾಕೆ ದಕ್ಕಲಿಲ್ಲ ಎಂಬುದು ಒಂದು ಪುಟವಾಯಿತು. ಕ್ವಿಂಟಲ್‌ಗೆ 1,616 ರೂಪಾಯಿ ಲೆಕ್ಕದಲ್ಲಿ 2.5 ಲಕ್ಷ ಟನ್ ತೋತಾಪುರಿಗೆ ಬೆಲೆ ವ್ಯತ್ಯಾಸ ತುಂಬಿಕೊಡಲು ಕೇಂದ್ರ ಒಪ್ಪಿದಾಗ, ಅದು ರೈತನಿಗೆ ಏನು ಎಂಬುದು ಇನ್ನೊಂದು. ಮತ್ತೆ ಹಾಕಿದ ಅರ್ಜಿಗೆ ಒಪ್ಪಿಗೆ ಬಂತು. ಕುರುಡುಮಲೆಯ ಬಗ್ಗೆ ಅದೇ ನಾಲ್ಕು ಸಾಲು ಎಲ್ಲೆಲ್ಲೂ ಸಿಗುತ್ತದೆ, ಹರಾಜಿನ ಕಟ್ಟೆಯಲ್ಲಿ ನಿಂತವನು ಬರೆದದ್ದು ಬೇರೆಲ್ಲೂ ಸಿಗುವುದಿಲ್ಲ.

ಅರ್ಜಿ ಹಾಕುವವರು ನೋಡಿಕೊಳ್ಳಬೇಕಾದದ್ದು ಇಷ್ಟು. ವಯಸ್ಸು 18 ತುಂಬಿರಬೇಕು, ಒಬ್ಬರಿಗೆ ಒಂದೇ ಖಾತೆ. ಓದುಗರ ಮಾಹಿತಿಯನ್ನು ಹೇಗೆ ಬಳಸುತ್ತೀರಿ ಎಂದು ತಿಳಿಸುವ ಪುಟ ಇರಲಿ. ಪಾಸ್‌ವರ್ಡು ಅಂಗಡಿಯವನ ಬಳಿ ಬಿಡಬೇಡಿ. ಒಪ್ಪಿಗೆಯ ನಂತರ ಮನೆಯವರು ಪ್ರೀತಿಯಿಂದಲೂ ಜಾಹೀರಾತು ಒತ್ತಕೂಡದು, ಖಾತೆಯೇ ಹೋಗಬಹುದು; ನೆಂಟರ ವಾಟ್ಸ್‌ಆ್ಯಪ್ ಗುಂಪಿಗೆ ಇದನ್ನು ಮೊದಲೇ ಹೇಳಿಬಿಡಿ. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸಲು ಪಿನ್ ಸಂಖ್ಯೆಯ ಕಾಗದ ಅಂಚೆಯಲ್ಲಿ ಬರುತ್ತದೆ, 100 ಡಾಲರ್ ಆದ ಮೇಲೆಯೇ ಹಣ. ಹಳ್ಳಿಯ ವಿಳಾಸವಾದರೆ ತಂದೆಯ ಹೆಸರು, ಅಂಚೆ ಕಚೇರಿ, ತಾಲ್ಲೂಕು ಎಲ್ಲವನ್ನೂ ತುಂಬಿ, ಪೋಸ್ಟ್‌ಮ್ಯಾನ್‌ಗೆ ಒಂದು ಮಾತು ಹೇಳಿಡಿ.