ಹಿರಿಯ ಉಗಿಬಂಡಿ, ಕಿರಿಯ ಉಗಿಬಂಡಿ: ಒಂದು ಅಭ್ಯಾಸ

ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯು 1871ರಲ್ಲಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗ ತೆರೆಯಿತು. ಕೊಡ್ಲಿಯ ಸುತ್ತಣ ಸೀಮೆಗೆ ಹೊಗೆಬಂಡಿಯ ಪರಿಚಯವಾದುದು ಹೀಗೆ. ಆ ಕಾಲದ ಎಂಜಿನುಗಳು ಬಹುಮಟ್ಟಿಗೆ ಬ್ರಿಟನ್ನಿನ ಕಾರ್ಖಾನೆಗಳಲ್ಲಿ ತಯಾರಾದವು. ಸ್ವಾತಂತ್ರ್ಯಾನಂತರವೂ ಡಬ್ಲ್ಯು.ಜಿ. ವರ್ಗದ ಮೊದಲ ಎಂಜಿನುಗಳನ್ನು ಗ್ಲಾಸ್ಗೊ ನಗರದ ನಾರ್ತ್ ಬ್ರಿಟಿಷ್ ಕಂಪನಿಯೇ ಕಟ್ಟಿಕೊಟ್ಟಿತು. ಚಿತ್ತರಂಜನ್ ಕಾರ್ಖಾನೆಯು ತನ್ನ ಕಡೆಯ ಬ್ರಾಡ್‌ಗೇಜ್ ಉಗಿ ಎಂಜಿನನ್ನು 1970ರಲ್ಲಿ ಹೊರತಂದಿತು. 1995ರಲ್ಲಿ ಬ್ರಾಡ್‌ಗೇಜಿನ ಮೇಲೆ ಉಗಿಯ ನಿತ್ಯಸೇವೆ ಮುಗಿಯಿತು. 1979ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಂಥ ಕಡೆ ಇಂದಿನ ವಿದ್ಯಾರ್ಥಿ ಕಾಣುವುದು ಬೆಂಕಿಯಾರಿದ ಎಂಜಿನುಗಳನ್ನು. ಅದರ ಒಡಲು ಕೆಲಸ ಮಾಡುವ ಬಗೆಯನ್ನು ಅರಿಯಲು ಉಗಿಯಿಂದಲೇ ಓಡುವ ಕಿರುಮಾದರಿ ಒಳ್ಳೆಯ ಗುರುವಾಗಬಲ್ಲುದು.

ಇದು ಕೀಲಿ ತಿರುಗಿಸಿ ಓಡಿಸುವ ಆಟಿಕೆಯಲ್ಲ. ಇದರಲ್ಲಿ ನಿಜವಾದ ಕಲ್ಲಿದ್ದಲು ಉರಿಯುತ್ತದೆ, ನೀರು ಕುದಿಯುತ್ತದೆ, ಉಗಿಯು ಸಿಲಿಂಡರಿನ ಕೊಂತವನ್ನು ತಳ್ಳುತ್ತದೆ. ಬ್ರಿಟನ್ನಿನಲ್ಲಿ 1898ರಿಂದ ಪ್ರಕಟವಾದ 'ಮಾಡೆಲ್ ಎಂಜಿನಿಯರ್' ಪತ್ರಿಕೆಯು ಈ ಹವ್ಯಾಸವನ್ನು ಬೆಳೆಸಿತು. ಚಿಕ್ಕ ಎಂಜಿನಿಗೆ ಸ್ಪಿರಿಟ್ ದೀಪವೇ ಸಾಕು, ದೊಡ್ಡದರಂತೆ ಕಲ್ಲಿದ್ದಲಿನ ಬೆಂಕಿ ಅದಕ್ಕೆ ಸಲ್ಲದು ಎಂಬ ಭಾವನೆ ಹಲವರಲ್ಲಿತ್ತು. 1920ರ ದಶಕದಲ್ಲಿ 'ಎಲ್.ಬಿ.ಎಸ್.ಸಿ.' ಎಂಬ ಹೆಸರಿನಿಂದ ಬರೆಯುತ್ತಿದ್ದ ಲೇಖಕರು ಇದನ್ನು ವಿರೋಧಿಸಿ, 'ಆಯೇಷಾ' ಎಂಬ ತಮ್ಮ ಕಿರು ಎಂಜಿನಿನಿಂದ ಉತ್ತರ ಕೊಟ್ಟರು. ಕೇವಲ ಎರಡೂವರೆ ಅಂಗುಲ ಅಗಲದ ಹಳಿಯ ಮೇಲೆ ಅದು ಕಲ್ಲಿದ್ದಲಿನ ಬೆಂಕಿಯಿಂದಲೇ ವಯಸ್ಕ ಮನುಷ್ಯನನ್ನು ಎಳೆಯಿತು.

ಹಾಗಾದರೆ ದೊಡ್ಡದನ್ನು ಎಲ್ಲ ಭಾಗಗಳಲ್ಲಿಯೂ ಸಮನಾಗಿ ಕುಗ್ಗಿಸಿದರೆ ಸಾಕೆ? ಸಾಲದು. ಬ್ರಿಟನ್ನಿನ ಹಳಿಗಳ ಅಂತರ 56½ ಅಂಗುಲ. ಮಾದರಿಯ ಅಂತರ 5 ಅಂಗುಲವಾದರೆ ಉದ್ದವು ಸುಮಾರು 11 ಪಟ್ಟು ಕಡಿಮೆಯಾಗುತ್ತದೆ. ಮೇಲ್ಮೈ ಸುಮಾರು 128 ಪಟ್ಟು, ಘನಫಲ ಸುಮಾರು 1440 ಪಟ್ಟು ಕುಗ್ಗುತ್ತದೆ. ಇದರ ಫಲವೇನು? ಒಂದೊಂದು ಸೇರು ನೀರಿನ ಪಾಲಿಗೆ ಬರುವ ಬಾಯ್ಲರಿನ ಮೈ 11 ಪಟ್ಟು ಹೆಚ್ಚಾಗುವುದರಿಂದ ಚಿಕ್ಕ ಬಾಯ್ಲರು ಬೇಗ ತಣ್ಣಗಾಗುತ್ತದೆ. ಉಗಿಯ ಒತ್ತಡ ಎರಡರಲ್ಲಿಯೂ ಒಂದೇ ಆಗಿದ್ದರೆ ಎಳೆಯುವ ಬಲವು ಮೇಲ್ಮೈಯಂತೆ 128 ಪಟ್ಟು ಮಾತ್ರ ಇಳಿಯುತ್ತದೆ. ಹಳಿಯನ್ನು ಕಚ್ಚಿ ಹಿಡಿಯಲು ಬೇಕಾದ ತೂಕವಾದರೋ 1440 ಪಟ್ಟು ಇಳಿಯುತ್ತದೆ. ಆದುದರಿಂದ ಚಿಕ್ಕ ಎಂಜಿನಿನ ಗಾಲಿಗಳು ಸುಲಭವಾಗಿ ಜಾರುತ್ತವೆ. ದೊಡ್ಡದರಲ್ಲಿರುವಷ್ಟೇ ಹೊಗೆಕೊಳವೆಗಳನ್ನು ಚಿಕ್ಕದರಲ್ಲಿಯೂ ಇಟ್ಟರೆ ಅವು ಕಡ್ಡಿಯಂತಾಗಿ ಬೂದಿಯಿಂದ ಕಟ್ಟಿಕೊಳ್ಳುವುವು; ಅದಕ್ಕಾಗಿ ಸಂಖ್ಯೆಯನ್ನು ಇಳಿಸಿ ಬಾಯಿಯನ್ನು ಹಿಗ್ಗಿಸುತ್ತಾರೆ. ಯಂತ್ರವನ್ನು ಕುಗ್ಗಿಸಬಹುದು, ನಿಸರ್ಗದ ನಿಯಮವನ್ನು ಕುಗ್ಗಿಸಲಾಗದು.

ನಮ್ಮ ನೆಲಕ್ಕೆ ಸಂಬಂಧಿಸಿದ ಇನ್ನೊಂದು ಪಾಠವೂ ಇಲ್ಲಿದೆ. ಶಹಾಬಾದ, ವಾಡಿ, ಸೇಡಂ ಪ್ರದೇಶವು ಸುಣ್ಣಕಲ್ಲಿನ ನಾಡು. ಮನೆಗೆ ಹಾಸುಗಲ್ಲನ್ನೂ ಸಿಮೆಂಟು ಕಾರ್ಖಾನೆಗೆ ಕಚ್ಚಾವಸ್ತುವನ್ನೂ ಕೊಡುವ ಈ ಕಲ್ಲು ಬಾವಿಯ ನೀರನ್ನು ಗಡಸಾಗಿಸುತ್ತದೆ. ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿಯ ಪೊರೆ ಕೂಡುವುದನ್ನು ನಾವೆಲ್ಲ ಬಲ್ಲೆವು. ಅದೇ ಪೊರೆ ಬಾಯ್ಲರಿನೊಳಗೆ ಕೂತರೆ ಶಾಖವು ನೀರಿಗೆ ತಲುಪದೆ ಲೋಹವೇ ಮಿತಿಮೀರಿ ಕಾದು ದುರ್ಬಲವಾಗುತ್ತದೆ. ಹಿರಿಯ ಎಂಜಿನಿಗೆ ನೀರನ್ನು ಶುದ್ಧಗೊಳಿಸುವುದೂ ಬಾಯ್ಲರನ್ನು ಆಗಾಗ ತೊಳೆಯುವುದೂ ಅನಿವಾರ್ಯ. ಕಿರಿಯದಕ್ಕೆ ಮಳೆನೀರು ಅಥವಾ ಬಟ್ಟಿ ಇಳಿಸಿದ ನೀರು ಲೇಸು.

ಶಿಕ್ಷಕ ಬಂಧುಗಳು ಒಂದು ಎಚ್ಚರಿಕೆಯನ್ನು ಮರೆಯಬಾರದು. ತಗಡಿನ ಡಬ್ಬಿಯನ್ನು ಬೆಸೆದು ತರಗತಿಯಲ್ಲಿ ಉಗಿ ಎಬ್ಬಿಸುವ ಸಾಹಸ ಸಲ್ಲದು. ಬಲ್ಲವರು ತಾಮ್ರದ ಬಾಯ್ಲರನ್ನು ಬೆಳ್ಳಿ ಬೆಸುಗೆಯಿಂದ ಕಟ್ಟಿ, ಬಳಕೆಯ ಒತ್ತಡದ ಎರಡು ಪಟ್ಟು ಒತ್ತಡದಲ್ಲಿ, ಉಗಿಯಿಂದಲ್ಲ, ತಣ್ಣೀರಿನಿಂದ ಮೊದಲು ಪರೀಕ್ಷಿಸುತ್ತಾರೆ. ನೀರು ಒತ್ತಡಕ್ಕೆ ಬಹಳ ಕುಗ್ಗುವುದಿಲ್ಲವಾದ್ದರಿಂದ ಬೆಸುಗೆ ಬಿಟ್ಟರೂ ಅದು ಸೋರಿಹೋಗುವುದಲ್ಲದೆ ಸಿಡಿಯುವುದಿಲ್ಲ. ಉಗಿಯಾದರೋ ಅಡಗಿಸಿಕೊಂಡ ಶಕ್ತಿಯನ್ನೆಲ್ಲ ಒಮ್ಮೆಲೇ ಕಕ್ಕುತ್ತದೆ.

ಗಣಿತದ ವರ್ಗ ಮತ್ತು ಘನ, ಭೌತಶಾಸ್ತ್ರದ ಶಾಖ ಮತ್ತು ಒತ್ತಡ, ರಸಾಯನಶಾಸ್ತ್ರದ ಗಡಸು ನೀರು ಇವೆಲ್ಲ ಒಂದು ಗೇಣುದ್ದದ ಬಾಯ್ಲರಿನಲ್ಲಿ ಕೂಡಿಬರುತ್ತವೆ. ಪರೀಕ್ಷಿತವಾದ ಇಂಥದೊಂದು ಮಾದರಿ ಶಾಲೆಯ ಪ್ರಯೋಗಾಲಯವನ್ನು ಸೇರಿದರೆ, ವಾಡಿಯ ಹಳಿಗಳ ಮೇಲೆ ಓಡಿದ ಆ ಮಹಾಯಂತ್ರಗಳ ವಿದ್ಯೆಯು ನಮ್ಮ ಮಕ್ಕಳಿಗೆ ಕಥೆಯಾಗಿ ಉಳಿಯದೆ ಅನುಭವವಾದೀತು.