ನೀರು ಬಿಡುವ ಮೊದಲು ಮಣ್ಣು ಮುಟ್ಟಿ ನೋಡೋಣ



"ಬೆಳೆಗೆ ಯಾವಾಗ ನೀರು ಬಿಡ್ತೀರಿ?" ಅಂತ ಸಂಘದ ಸಭೆಗಳಲ್ಲಿ ನಾವು ಕೇಳಿದರೆ, "ಕರೆಂಟು ಬಂದಾಗ" ಎಂಬ ಉತ್ತರವೇ ಹೆಚ್ಚು. ಆದರೆ ಕರೆಂಟು ಬಂದ ಹೊತ್ತಿಗೆ ಬೆಳೆಗೆ ಬಾಯಾರಿಕೆ ಆಗಿರಬೇಕೆಂದಿಲ್ಲ. ಹೆಚ್ಚಾದ ನೀರು ಬೇರಿನ ಕೆಳಗೆ ಇಳಿದು ಹೋಗುತ್ತದೆ, ಹಾಕಿದ ಯೂರಿಯಾವನ್ನೂ ಜೊತೆಗೆ ಒಯ್ಯುತ್ತದೆ. ಗಾಳಿ ಸಿಗದೆ ಬೇರು ಕೊಳೆಯುತ್ತದೆ. ಬಾವಿ ಬತ್ತಿದರೆ ಕೊಳವೆಬಾವಿಗೆ ಸಾಲ. ಸಂಘದಲ್ಲಿ ಅದರ ಕಂತು ಕಟ್ಟುವವರು ನಾವೇ ಅಲ್ಲವೇ?

ಅಂಗೈ ಪರೀಕ್ಷೆ

ಮೇಲ್ಮಣ್ಣು ಒಣಗಿದ್ದರೂ ಬೇರಿನ ಹತ್ತಿರ ತೇವ ಇರಬಹುದು. ಬುಡದಿಂದ ಸ್ವಲ್ಪ ದೂರದಲ್ಲಿ ಅರ್ಧ ಅಡಿ ಮತ್ತು ಒಂದು ಅಡಿ ಆಳದ ಮಣ್ಣನ್ನು ಒಂದೊಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿ.

1. ಬೆರಳ ಸಂದಿಯಿಂದ ನೀರು ಬಂದರೆ ತೇವ ಅತಿಯಾಗಿದೆ.
2. ಗಟ್ಟಿ ಉಂಡೆಯಾಗಿ ಅಂಗೈ ಒದ್ದೆಯಾದರೆ ಈಗ ನೀರು ಬೇಡ.
3. ಉಂಡೆಯಾಗಿ, ಮೇಲೆ ಎಸೆದು ಹಿಡಿದಾಗ ಒಡೆದರೆ ನೀರು ಬಿಡುವ ಸಮಯ ಬಂತು.
4. ಉಂಡೆಯಾಗದೆ ಪುಡಿಯಾಗಿ ಉದುರಿದರೆ ಆಗಲೇ ತಡವಾಗಿದೆ.

ಮರಳು ಮಣ್ಣು ತೇವ ಇದ್ದರೂ ಗಟ್ಟಿ ಉಂಡೆ ಕಟ್ಟುವುದಿಲ್ಲ. ಅಲ್ಲಿ ಅಂಗೈಗೆ ತಂಪು, ಒದ್ದೆ ತಾಗುತ್ತದೆಯೇ ನೋಡಿ. ಎರೆ ಮಣ್ಣು ನೀರನ್ನು ಹೆಚ್ಚು ದಿನ ಹಿಡಿದಿಡುತ್ತದೆ. ಆದ್ದರಿಂದ ಪಕ್ಕದ ಹೊಲದವರ ಲೆಕ್ಕ ನಮಗೆ ಸರಿಹೋಗದು.

ಗಿಡ ಏನು ಹೇಳುತ್ತದೆ?

ಬದನೆ, ಕುಂಬಳದ ಎಲೆ ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಂಡರೆ ಗಾಬರಿ ಬೇಡ. ಬೆಳಿಗ್ಗೆಯೂ ಬಾಡಿದ್ದರೆ ಮಣ್ಣು ನೋಡಿ. ಒಣಗಿದ್ದರೆ ಕೂಡಲೇ ನೀರು ಕೊಡಿ. ಹಸಿಯಾಗಿದ್ದೂ ಬಾಡಿದರೆ ಬೇರು ಕೊಳೆ ಅಥವಾ ಸೊರಗು ರೋಗ ಇರಬಹುದು. ಇನ್ನಷ್ಟು ನೀರು ಬಿಟ್ಟರೆ ಕೆಡುತ್ತದೆ.

ಉಳಿತಾಯದ ಲೆಕ್ಕ

1 ಗುಂಟೆಗೆ 1 ಇಂಚು ನೀರು ಎಂದರೆ ಸುಮಾರು 2,500 ಲೀಟರ್. 10 ಗುಂಟೆಯಲ್ಲಿ ಬೇಡದ ಒಂದು ಸರದಿ ಬಿಟ್ಟರೆ ಸುಮಾರು 25,000 ಲೀಟರ್ ಬಾವಿಯಲ್ಲೇ ಉಳಿಯುತ್ತದೆ.

ಸಂಘಕ್ಕೊಂದು ಉಪಕರಣ

ಕೊಯಮತ್ತೂರಿನ ಕಬ್ಬು ತಳಿ ಅಭಿವೃದ್ಧಿ ಸಂಸ್ಥೆಯವರು ತೇವಾಂಶ ಸೂಚಕವೊಂದನ್ನು ರೂಪಿಸಿದ್ದಾರೆ. ಅದರ ಕಡ್ಡಿಗಳನ್ನು ಮಣ್ಣಿಗೆ ಚುಚ್ಚಿದರೆ ದೀಪ ಹತ್ತುತ್ತದೆ. ನೀಲಿ ಎಂದರೆ ಧಾರಾಳ, ಹಸಿರು ಎಂದರೆ ಸಾಕು, ಕಿತ್ತಳೆ ಎಂದರೆ ನೀರು ಕೊಡಿ, ಕೆಂಪು ಎಂದರೆ ತಡ ಬೇಡ. ಓದು ಬಾರದವರೂ ಬಳಸಬಹುದು. ಸಂಘಕ್ಕೆ ಒಂದಿದ್ದರೆ ಎಲ್ಲರೂ ಸರದಿಯಲ್ಲಿ ಉಪಯೋಗಿಸಬಹುದು. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಮುಂದಿನ ಸಭೆಗೆ

ಪ್ರತಿಯೊಬ್ಬರೂ ಒಂದು ಅಡಿ ಆಳದ ಒಂದು ಹಿಡಿ ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ತನ್ನಿ. ಕೊನೆಯ ಸಲ ನೀರು ಬಿಟ್ಟ ದಿನವನ್ನು ಚೀಟಿಯಲ್ಲಿ ಬರೆದಿಡಿ. ಎಲ್ಲರ ಮಣ್ಣನ್ನೂ ಎಲ್ಲರೂ ಮುಟ್ಟಿ ನೋಡಿ, ಯಾರ ಹೊಲಕ್ಕೆ ಇನ್ನೆರಡು ದಿನ ಮೋಟಾರು ಹಾಕುವುದು ಬೇಡವೆಂದು ಒಟ್ಟಿಗೆ ಕೂತು ತೀರ್ಮಾನಿಸೋಣ.